ಒಬ್ಬಳ ಟಿವಿಗೆ ಎಷ್ಟು ಕೋರ್?

ಇವತ್ತು ಭಾನುವಾರ. ಬೆಳಿಗ್ಗೆ ಟಿವಿಯ ಹಿಂದೆ ಧೂಳು ಒರೆಸುತ್ತಿದ್ದವಳು ಅಲ್ಲಿರುವ ಪುಟ್ಟ ಕಂಪ್ಯೂಟರಿನ ಮೇಲೆ ಕೈಯಿಟ್ಟೆ. ನಿನ್ನೆ ಆಫ್ ಮಾಡುವುದನ್ನು ಮರೆತಿದ್ದೆನೆಂದು ಕಾಣುತ್ತದೆ, ಉಗುರುಬೆಚ್ಚಗಿತ್ತು. ದಪ್ಪ ನಿಘಂಟಿನಷ್ಟು ಗಾತ್ರದ ಪೆಟ್ಟಿಗೆ ಅದು. ನಮ್ಮೂರು ಶನಿವಾರಸಂತೆಯ ಈ ಚಳಿಯಲ್ಲಿ, ಈ ಮನೆಯೊಳಗೆ ನನ್ನನ್ನು ಬಿಟ್ಟರೆ ಬೆಚ್ಚಗಿರುವುದು ಇದೊಂದೇ ಅನ್ನಿಸಿತು. ಒರೆಸುವ ಬಟ್ಟೆ ಕೆಳಗಿಟ್ಟು ಸುಮ್ಮನೆ ಹಾಗೇ ನಿಂತಿದ್ದೆ.

ಇದರ ಕಥೆ ಹೇಳಬೇಕಾದರೆ ಅಕ್ಕನ ಮದುವೆಯಿಂದ ಶುರು ಮಾಡಬೇಕು. ಅಕ್ಕನಿಗೆ ಮದುವೆಯಾದದ್ದು ಅವಳು ಸ್ಕೂಲಿನ ಕೆಲಸದಿಂದ ನಿವೃತ್ತಳಾದ ಮೇಲೆ. ಹೌದು, ನೀವು ಸರಿಯಾಗಿಯೇ ಓದಿದಿರಿ. ಅಪ್ಪ ಅಮ್ಮ ಹೋದ ಮೇಲೆ ನಾವಿಬ್ಬರೇ ಇದ್ದೆವು. ಅವಳು ಮಕ್ಕಳಿಗೆ ಮಗ್ಗಿ ಹೇಳಿಕೊಡುತ್ತ, ನಾನು ಕಾಲೇಜಿನ ಆಫೀಸಿನಲ್ಲಿ ಫೀಸಿನ ರಸೀದಿ ಹರಿಯುತ್ತ, ಮದುವೆಯ ವಯಸ್ಸನ್ನು ಯಾವ ಗಲಾಟೆಯೂ ಇಲ್ಲದೆ ದಾಟಿದ್ದೆವು. ಹಾಗೆಂದು ನಾನು ತಿಳಿದಿದ್ದೆ. ಒಂದು ದಿನ ಕಾಫಿ ಸೋಸುತ್ತ ಅಕ್ಕ, "ಸಂಪಾಜೆ ಮೇಷ್ಟ್ರು ಕೇಳ್ತಾವ್ರೆ ಕಣೆ. ನಾನು ಹೂಂ ಅಂದೆ" ಎಂದಳು. ಆ ಮೇಷ್ಟ್ರು ನನಗೂ ಗೊತ್ತಿದ್ದವರೇ. ಹೆಂಡತಿ ತೀರಿಕೊಂಡಿದ್ದರು, ಮೃದು ಮಾತಿನ ಮನುಷ್ಯ. ಬೇಡ ಅನ್ನಲು ಕಾರಣವೇ ಸಿಗಲಿಲ್ಲ. ರಿಜಿಸ್ಟ್ರಾರ್ ಆಫೀಸಿನಲ್ಲಿ ಸಾಕ್ಷಿಯ ಸಹಿ ಹಾಕಿದವಳು ನಾನೇ.

ನಾವಿಬ್ಬರೂ ಸಿನಿಮಾ ನೋಡುವ ಕ್ರಮ ನೀವು ಕಂಡಿದ್ದರೆ ನಗುತ್ತಿದ್ದಿರಿ. ಅಕ್ಕನಿಗೆ ಯಾರ ಮುಖವೂ ನೆನಪಿರುತ್ತಿರಲಿಲ್ಲ. "ಇವ್ನು ಯಾರೇ? ಅವಳ ಅಣ್ಣನಾ?" ಎಂದು ಕೇಳುತ್ತಲೇ ಇರುವಳು. ಅರ್ಧಕ್ಕೆ ನಿದ್ದೆ. ಎಚ್ಚರವಾದೊಡನೆ ನಡುವಿನ ಕಥೆ ಒಪ್ಪಿಸಬೇಕು. ಒಮ್ಮೆಯಾದರೂ ಒಂದು ಸಿನಿಮಾವನ್ನು ನೆಮ್ಮದಿಯಾಗಿ ನೋಡಬೇಕೆಂದು ಎಷ್ಟು ಸಲ ಅಂದುಕೊಂಡಿದ್ದೆನೋ. ಅವಳು ಸಂಪಾಜೆಗೆ ಹೋದ ಮೇಲೆ ಆ ನೆಮ್ಮದಿ ಬೇಕಾದಷ್ಟು ಸಿಕ್ಕಿತು. ಅದೇ ಮಳೆಗಾಲದಲ್ಲಿ ಹಳೆಯ ಡಿವಿಡಿ ಪ್ಲೇಯರ್ ಕೂಡ ಕೆಟ್ಟಿತು. ಮರ ಬಿದ್ದರೆ ಇಂಟರ್‌ನೆಟ್ ವಾರಗಟ್ಟಲೆ ಇಲ್ಲದ ಊರು ನಮ್ಮದು. ಹಾಗಾಗಿ ಸಿನಿಮಾಗಳನ್ನೆಲ್ಲ ತುಂಬಿಟ್ಟುಕೊಂಡು ಟಿವಿಗೆ ಜೋಡಿಸುವಂಥ ಒಂದು ಸಣ್ಣ ಕಂಪ್ಯೂಟರ್ ಮಾಡಿಸೋಣ ಎಂದುಕೊಂಡೆ.

ಮಾಡಿಸುವುದೆಂದರೆ ಮೊದಲು ಪ್ರೊಸೆಸರ್ ಆರಿಸಬೇಕು. ಅದು ಆ ಪೆಟ್ಟಿಗೆಯ ಮಿದುಳು. ಮಿದುಳು ಚುರುಕಾದಷ್ಟೂ ಬಿಸಿ ಹೆಚ್ಚು. ಬಿಸಿ ಹೆಚ್ಚಿದರೆ ಫ್ಯಾನು ಗೊರಗುಟ್ಟುತ್ತದೆ, ಪುಟ್ಟ ಪೆಟ್ಟಿಗೆಯಲ್ಲಿ ಗಾಳಿಗೂ ಜಾಗವಿಲ್ಲ. ಕರೆಂಟು ಹೋದಾಗ ಇನ್ವರ್ಟರ್ ಎಳೆಯಬೇಕಲ್ಲ, ಅದನ್ನೂ ನೋಡಬೇಕು. ನಾಲ್ಕು ಕೋರೋ, ಆರೋ, ಎಂಟೋ? ಮೂವತ್ತೈದು ವ್ಯಾಟೋ, ಅರವತ್ತೈದೋ? ಆಫೀಸಿನಿಂದ ಬಂದವಳೇ ಮೊಬೈಲ್ ಹಿಡಿದು ಕೂರುತ್ತಿದ್ದೆ. ಸೀರೆ ಆರಿಸುವಾಗಲೂ ಅಷ್ಟು ಒದ್ದಾಡಿದವಳಲ್ಲ. ಇವತ್ತು ಒಂದನ್ನು ಖಾತ್ರಿ ಮಾಡಿಕೊಂಡರೆ, ಮಾರನೆಯ ದಿನ ಇನ್ಯಾರೋ ಅದನ್ನು ಬೈಯುವ ವಿಡಿಯೋ ಸಿಗುತ್ತಿತ್ತು. ಸಿಕ್ಕಾಗ ಒಳಗೊಳಗೇ ಖುಷಿ.

ಯಾಕೆಂದರೆ ಸಂಜೆ ಅಕ್ಕನಿಗೆ ಫೋನು ಮಾಡಲು ನನಗೊಂದು ವಿಷಯ ಇರುತ್ತಿತ್ತು. "ಆರು ಕೋರ್ ಅಂದ್ರೆ ಏನೇ?" ಎನ್ನುವಳು.

"ಆರು ಜನ ಒಟ್ಟಿಗೆ ಕೆಲ್ಸ ಮಾಡ್ದಂಗೆ ಕಣಕ್ಕ."

"ಸಿನಿಮಾ ತೋರ್ಸೋಕೆ ಆರು ಜನ ಬೇಕಾ?"

ಹಿಂದಿನಿಂದ ಭಾವನ ಧ್ವನಿ: "ಎಂಥದ್ದಾದ್ರೂ ಸ್ವಲ್ಪ ಒಳ್ಳೇದೇ ತಕ್ಕೊಳ್ಳಿಕ್ಕೆ ಹೇಳು ಮಾರಾಯ್ತಿ."

ಹೀಗೆ ಮಳೆಗಾಲವೆಲ್ಲ ಕಳೆಯಿತು. ಯಾವಾಗ ಬರ್ತೀಯ ಎಂದು ನಾನು ಕೇಳಲಿಲ್ಲ, ನೀನೇ ಬಾ ಎಂದು ಅವಳು ಕರೆದಾಗಲೆಲ್ಲ, "ಇದೊಂದು ಮುಗೀಲಿ" ಎನ್ನುತ್ತಿದ್ದೆ. ಕೊನೆಗೊಂದು ಸಂಜೆ ಅವಳಿಗೂ ಸಾಕಾಗಿರಬೇಕು. "ಯಾವ್ದಾದ್ರೂ ಒಂದು ತಗೊಳೆ. ನೋಡೋದು ನೀನೊಬ್ಳೇ ತಾನೆ" ಎಂದಳು. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ಆದರೂ ಫೋನಿಟ್ಟ ಮೇಲೆ ನನಗೆ ಅನ್ನ ಸೇರಲಿಲ್ಲ.

ಆ ವಾರವೇ ರಜೆ ಹಾಕಿ ಕುಶಾಲನಗರಕ್ಕೆ ಹೋದೆ. ಕಂಪ್ಯೂಟರ್ ಅಂಗಡಿಯ ಸಲೀಮ್ ನನ್ನ ಪ್ರಶ್ನೆಗಳನ್ನೆಲ್ಲ ತಾಳ್ಮೆಯಿಂದ ಕೇಳಿ, ನಾಲ್ಕು ಕೋರಿನ, ಚಿತ್ರ ಮೂಡಿಸುವ ಗ್ರಾಫಿಕ್ಸು ಒಳಗೇ ಇರುವ, ಕಡಿಮೆ ವ್ಯಾಟಿನದ್ದೊಂದನ್ನು ಮುಂದಿಟ್ಟ. "ಸಿನಿಮಾಕ್ಕೆ ಇದೇ ಧಾರಾಳ ಮೇಡಂ. ಫ್ಯಾನು ತಿರುಗೋದೂ ಕೇಳೋದಿಲ್ಲ."

"ನೋಡೋರು ಇಬ್ಬರು ಇದ್ದೀವಲ್ಲ, ಸಾಕಾಗುತ್ತಾ?" ಎಂದೆ. ಯಾಕೆ ಹಾಗಂದೆನೋ ತಿಳಿಯದು. ಬಾಯಿಗೆ ಬಂದದ್ದೇ ಹಾಗೆ.

ಸಲೀಮ್ ನಕ್ಕುಬಿಟ್ಟ. "ಒಬ್ರು ನೋಡಿದ್ರೂ ಹತ್ತು ಜನ ನೋಡಿದ್ರೂ ಪ್ರೊಸೆಸರಿಗೆ ಒಂದೇ ಕೆಲ್ಸ ಮೇಡಂ."

ನಾನೂ ನಕ್ಕೆ. ಅವನು ಜೋಡಿಸಿಕೊಟ್ಟ ಪೆಟ್ಟಿಗೆಯನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬರುವಾಗ ಆ ಮಾತು ಮತ್ತೆ ಮತ್ತೆ ನೆನಪಾಗಿ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡೆ.

ಅವನ ಆಯ್ಕೆಯಲ್ಲಿ ಒಂದು ಕೊರತೆಯೂ ಇರಲಿಲ್ಲ. ಚಿತ್ರ ಎಲ್ಲೂ ತಡವರಿಸಲಿಲ್ಲ, ಸದ್ದೇ ಇಲ್ಲ. ಮೊದಲ ಸಂಜೆ ಪೂರ್ತಿ ಒಂದು ಸಿನಿಮಾ ನೋಡಿದೆ. ಮುಗಿದ ಮೇಲೆ ಗೋಡೆ ಗಡಿಯಾರದ ಸದ್ದು ಕೇಳಿಸಿತು. ಮಾರನೆಯ ದಿನ ಫೋನು ಮಾಡಿ, "ತಗೊಂಡೆ ಕಣಕ್ಕ" ಎಂದೆ. "ಅಬ್ಬ, ಮುಗೀತಲ್ಲ" ಎಂದಳು. ಮುಗಿದೇ ಹೋಯಿತು. ಆಮೇಲೆ ಊಟ ಆಯ್ತಾ, ಮಳೆ ಬಂತಾ, ಇಷ್ಟೇ. ದಿನದ ಫೋನು ವಾರಕ್ಕೊಂದಾಯಿತು. ಸಂಪಾಜೆಗೆ ನಾನು ಇನ್ನೂ ಹೋಗಿಲ್ಲ.

ಇವತ್ತು ಆ ಪೆಟ್ಟಿಗೆಯ ಮೇಲಿಂದ ಕೈ ತೆಗೆದವಳು ನೇರ ಫೋನು ತೆಗೆದುಕೊಂಡೆ. ನಾವು ಮಾತಾಡುವ ಹೊತ್ತಲ್ಲ ಅದು. ಅಕ್ಕ ಗಾಬರಿಯಾದಳು. "ಏನೇ? ಹುಷಾರಾಗಿದ್ದೀಯಾ?"

ಹೇಳಲು ಯಾವ ವಿಷಯವನ್ನೂ ಸಿದ್ಧ ಮಾಡಿಕೊಂಡಿರಲಿಲ್ಲ. "ಹುಷಾರಾಗಿದ್ದೀನಕ್ಕ. ಸಂಜೆ ಹೊತ್ತು ತುಂಬ ಬೇಜಾರಾಗುತ್ತೆ ಕಣಕ್ಕ" ಎಂದೆ.

ಆ ಕಡೆ ಬಾಗಿಲು ಮೆಲ್ಲನೆ ಮುಚ್ಚಿದ ಸದ್ದು ಕೇಳಿಸಿತು.

"ನಂಗೂ ಕಣೆ" ಎಂದಳು ಅಕ್ಕ, ಪಕ್ಕದ ಕೋಣೆಯಲ್ಲಿ ಭಾವನಿಗೆ ಕೇಳಿಸದ ಹಾಗೆ.