ಕೈ ಚಾಚಿದ ನರಕೋಶ

ಶೈಲಾ, ಆ ದಿನ ನಿನ್ನ ಸೀಸೆಗಳು ಅದಲುಬದಲಾಗಿರಲಿಲ್ಲ. ಅದು ಗೊತ್ತಾದ ಮೇಲೂ ನಾನು ಬಾಯಿ ಬಿಡಲಿಲ್ಲ.

ಚೆಂಬೂರಿನಿಂದ ನಾನು, ಬೊರಿವಲಿಯಿಂದ ನೀನು ಲೋಕಲ್ ರೈಲು ಹಿಡಿದು ಬಂದು ಒಂದೇ ಲ್ಯಾಬಿನಲ್ಲಿ ಪ್ರಯೋಗಕ್ಕೆಂದು ಹಣ್ಣಿನ ನೊಣ ಸಾಕುತ್ತಿದ್ದೆವು. ಅದರ ಮರಿಹುಳು ತೆವಳುವುದು ಸ್ನಾಯುಗಳಿಗೆ ಅಪ್ಪಣೆ ಕೊಡುವ ನರಕೋಶಗಳಿಂದ. ಆ ಕೋಶಗಳಿಗೆ ಸುದ್ದಿ ಮುಟ್ಟುವುದು ಕೊಂಬೆಗಳಂಥ ಎಳೆಗಳ ಮೂಲಕ. ಸುದ್ದಿ ನಿಲ್ಲಿಸಿದರೆ ಎಳೆಗಳು ಸೊರಗುತ್ತವೆ—ಹೀಗೆಂದು ಥೀಸಿಸ್‌ನಲ್ಲಿ ಎದೆತಟ್ಟಿ ಬರೆದಿದ್ದೆ. ಸೀನಿಯರ್ ಎಂಬ ಕೊಬ್ಬು ಬೇರೆ.

ಆ ದಿನ, ಸುದ್ದಿ ನಿಲ್ಲಿಸಿದ ಮರಿಹುಳುಗಳನ್ನು ನೋಡುತ್ತಿದ್ದ ನೀನು ಸೂಕ್ಷ್ಮದರ್ಶಕದಿಂದ ತಲೆಯೆತ್ತಿದೆ. "ಅಕ್ಕಾರ, ಇವು ಸೊರಗಿಲ್ರಿ. ಸುದ್ದಿ ಬರಲಿಲ್ಲಂತ ಇನ್ನೂ ಉದ್ದ ಕೈ ಚಾಚ್ಯಾವ, ನೋಡ್ರಿ."

ನಾನು ಸರಿಯಾಗಿ ನೋಡಲೂ ಇಲ್ಲ. "ಮಾಮೂಲಿ ನೊಣದ ಸೀಸೆಗೆ ಸುದ್ದಿ ನಿಲ್ಲಿಸಿದ ನೊಣದ ಚೀಟಿ ಅಂಟಿಸಿದ್ದೀಯ ಮಾರಾಯ್ತಿ," ಅಂದುಬಿಟ್ಟೆ.

ಸಂಶಯ ಬಂದ ಸೀಸೆಯ ನೊಣಗಳನ್ನು ಉಳಿಸಬಾರದು—ಅದು ನಮ್ಮಲ್ಲಿನ ಕಟ್ಟಳೆ. ನೀನೇ ಇಡೀ ಸಾಲನ್ನು ಸೋಪುನೀರಿಗೆ ಸುರಿದೆ. ನಾನು ನೋಡುತ್ತ ನಿಂತಿದ್ದೆ.

ನಿನಗೆ ಗೊತ್ತಿಲ್ಲದ್ದು ಇದು: ನಿನ್ನದು ತಪ್ಪೆಂದು ತೋರಿಸಲಿಕ್ಕೆ ನಾನೇ ಗುಟ್ಟಾಗಿ ಅದೇ ಪ್ರಯೋಗ ಮತ್ತೆ ಮಾಡಿದೆ. ಕಪ್ಪು ತೆರೆಯ ಮೇಲೆ ಎಳೆಗಳು ಹಸಿರಾಗಿ ಹೊಳೆದವು—ಸೊರಗಿರಲಿಲ್ಲ, ಹಬ್ಬಿದ್ದವು. ಕಣ್ಣಿಗೆ ಕಾಣದಷ್ಟು ಸಣ್ಣ ಕೋಶ! ಮಾತು ನಿಂತಿತೆಂದು ಮುದುಡದೆ, ಕಿವಿ ಮಂದವಾದ ಅಜ್ಜಿ ಮಾತಾಡುವವರ ಹತ್ತಿರ ಸರಿದು ಕೂರುವಂತೆ, ಚಾಚಿ ಚಾಚಿ ಹುಡುಕುತ್ತಿತ್ತು. ಯಾರು ಕಲಿಸಿದರು ಅದಕ್ಕೆ? ಮೈ ಜುಮ್ಮೆಂದಿತು, ಕೈ ಮುಗಿಯುವ ಹಾಗಾಯಿತು. ನೆನೆದರೆ ಇವತ್ತಿಗೂ ಹಾಗೇ ಆಗುತ್ತದೆ.

ಓಡಿ ಬಂದು ನಿನ್ನನ್ನು ಕರೆಯಬೇಕಿತ್ತು. ಆದರೆ ಥೀಸಿಸ್... ಗೈಡ್ ಏನಂದಾರು... ಚಿತ್ರಗಳನ್ನು ಅಳಿಸಿಬಿಟ್ಟೆ.

ಸ್ವಲ್ಪ ದಿನಕ್ಕೆ ನೀನು ಲ್ಯಾಬ್ ಬಿಟ್ಟೆ. "ನನ್ನ ಕೈ ಮ್ಯಾಲೆ ನನಗ ಭರೋಸಾ ಉಳಿದಿಲ್ರಿ, ಅಕ್ಕಾರ." ನಾನು ನಿನ್ನ ಜೊತೆ ಸ್ಟೇಷನ್ ತನಕ ಬಂದೆ, ಚಹಾ ಕುಡಿಸಿದೆ, ನಿಜವೊಂದನ್ನು ಬಿಟ್ಟು ಎಲ್ಲ ಮಾತಾಡಿದೆ. ಮುಂದೆ ಬೇರೆ ಕಡೆಯವರು ಇದನ್ನೇ ಕಂಡು ಬರೆದರು. ನೀನೂ ಕಂಡಿದ್ದೆ ಎನ್ನುವುದು ನನ್ನೊಬ್ಬಳಿಗೇ ಗೊತ್ತಿತ್ತು.

ಈಗ ನನ್ನದೇ ಲ್ಯಾಬಿದೆ. ಸೋಮವಾರ ವಿದ್ಯಾರ್ಥಿಗಳೆದುರು ಇದನ್ನೆಲ್ಲ ನಿನ್ನ ಹೆಸರು ಹಿಡಿದು ಹೇಳುತ್ತೇನೆ. ಅದಕ್ಕೆ ಮೊದಲು ನಿನಗೆ ಹೇಳಬೇಕು. ಕ್ಷಮೆ ಕೇಳುವ ಮುಖ ನನಗಿಲ್ಲ. ಬೊರಿವಲಿಯಲ್ಲಿ ಟ್ಯೂಷನ್ ಹೇಳುತ್ತೀಯಂತೆ. ಮಕ್ಕಳ ಸರಿಯುತ್ತರವನ್ನೂ ಮತ್ತೆ ಮತ್ತೆ ನೋಡಿಯೇ ಸರಿ ಹಾಕುತ್ತೀಯಂತೆ.

ಬೇಡ ಶೈಲಾ. ನಿನ್ನ ಕೈ ಅಂದೂ ತಪ್ಪಿರಲಿಲ್ಲ.