ಹುಲಿಯಾ ಕಟ್ಟಿದ ಕಂಪ್ಯೂಟರು

ಹೆಸರು ಹುಲಿಯಾ ಗೌಡ. ಇಷ್ಟು ಹೆದರುವ ಮನುಷ್ಯ ನಮ್ಮೂರು ಅವರ್ಸಾದಲ್ಲಿ ಇನ್ನೊಬ್ಬನಿಲ್ಲ. ಸೈಕಲ್ಲಿಗೆ ಎರಡು ಬೀಗ ಹಾಕುತ್ತಾನೆ, ರೇನ್‌ಕೋಟು ತೊಟ್ಟು ಮೇಲೆ ಕೊಡೆಯನ್ನೂ ಹಿಡಿಯುತ್ತಾನೆ. ನಾವು ನಗುತ್ತೇವೆ, ನಗಬಾರದು. ಕೆಂಪು ಚಿರೇಕಲ್ಲು ಕಡಿಯುವ ಕ್ವಾರಿಯಲ್ಲಿ ಕೂಲಿ ಮಾಡುತ್ತಿದ್ದಾಗ, ಜೊತೆಗಿದ್ದ ಅಣ್ಣನ ಮೇಲೆ ಮಣ್ಣು ಕುಸಿದದ್ದನ್ನು ಕಣ್ಣಾರೆ ಕಂಡವನು ಅವನು. ಆಮೇಲೆ ಅತ್ತ ಕಾಲಿಟ್ಟಿಲ್ಲ.

ಅಲ್ಲಿಂದೀಚೆಗೆ ಅವನನ್ನು ಸಾಕಿದ್ದು ಸ್ಟಿಕ್ಕರ್ ಕತ್ತರಿಸುವ ಒಂದು ಹಳೆಯ ಯಂತ್ರ. ಮೀನುಗಾರಿಕೆ ಬಂದ್ ಆಗಿರುವ ಜೂನ್, ಜುಲೈನಲ್ಲಿ ಬೋಟುಗಳಿಗೆ ಹೊಸ ಬಣ್ಣ ಬಳಿದು ಹೆಸರು, ನಂಬರು ಅಂಟಿಸುತ್ತಾರಲ್ಲ, ಆ ಅಕ್ಷರಗಳು ಇವನವು. ವರ್ಷದ ಅನ್ನ ಆ ಎರಡು ತಿಂಗಳಲ್ಲೇ ಹುಟ್ಟಬೇಕು. ಯಂತ್ರವೋ, ಇಪ್ಪತ್ತೈದು ವರ್ಷ ಹಿಂದಿನ ವಿಂಡೋಸ್ 98 ಬಿಟ್ಟರೆ ಬೇರೆ ಯಾವುದರ ಮಾತನ್ನೂ ಕೇಳುವುದಿಲ್ಲ. ಈ ಜುಲೈಯಲ್ಲಿ ಉಪ್ಪುಗಾಳಿಗೆ ತುಕ್ಕು ಹಿಡಿದು ಹಳೆಯ ಕಂಪ್ಯೂಟರು ಕೆಟ್ಟು ಕೂತಿತು.

ಸದಾಶಿವಗಡದ ಬೋಟು ಮಾಲಕ ಮಾಬ್ಲೇಶ್ವರ ಫೋನು ಮಾಡಿದ.

"ಹುಲಿಯಾ, ಮೂವತ್ತನೇ ತಾರೀಕಿಗೆ ಅಕ್ಷರ ಸಿಗ್ದೇ ಇದ್ರೆ ಕಾರವಾರದಲ್ಲೇ ಮಾಡ್ಸ್ತೆ. ಬೇಜಾರ ಮಾಡ್ಕಬೇಡ."

ಆ ರಾತ್ರಿ ಹುಲಿಯಾನಿಗೆ ಅನ್ನ ಇಳಿಯಲಿಲ್ಲ. ಒಬ್ಬ ಹೋದರೆ ಉಳಿದವರೂ ಹೋಗುತ್ತಾರೆ, ಮತ್ತೆ ಕ್ವಾರಿಯೇ ಗತಿ.

ಮರುದಿನ ಹುಬ್ಬಳ್ಳಿಯ ಗುಜರಿ ಅಂಗಡಿಗೆ ಹೋಗಿ ಹಳೆಯ ಸಾಮಾನುಗಳಲ್ಲೇ ಬಲಿಷ್ಠವಾದುದನ್ನು ಆರಿಸಿದ. ಅಕ್ಷರ ಕತ್ತರಿಸಲು ಬೇಕಾದದ್ದಕ್ಕಿಂತ ಹತ್ತು ಪಾಲು ವೇಗದ ಪ್ರೊಸೆಸರ್, ಮೂರು ಫ್ಯಾನು, ಆಟವಾಡುವವರು ಹಾಕಿಕೊಳ್ಳುವಂಥ ಗ್ರಾಫಿಕ್ಸ್ ಕಾರ್ಡು, ಅರ್ಧ ಜಿಬಿ ಮೆಮೊರಿಯ ನಾಲ್ಕು ತುಂಡು. ಎಲ್ಲಿ ಕಡಿಮೆಯಾದೀತೋ ಎಂಬ ಭಯ.

ಮನೆಗೆ ತಂದು ಎಲ್ಲವನ್ನೂ ಜೋಡಿಸಿ, ಹಳೆಯ ವಿಂಡೋಸ್ ಇದ್ದ ಡಿಸ್ಕು ಸಿಕ್ಕಿಸಿ, ಮೊದಲು ಎರಡು ತುಂಡು ಮೆಮೊರಿ ಹಾಕಿ ಶುರುಮಾಡಿದ. ಪರದೆಯ ಮೇಲೆ ಮೆಮೊರಿ ಸಾಲದು ಎಂಬ ಸಾಲು ಬಂತು. ಉಳಿದೆರಡನ್ನೂ ತುರುಕಿದ. ಮತ್ತೆ ಅದೇ ಸಾಲು. ಇಪ್ಪತ್ತೆಂಟನೇ ತಾರೀಕು ಸಂಜೆಯವರೆಗೂ ಇದೇ ಗೋಳು.

ಹೆಂಡತಿ ಬೊಮ್ಮು ಆಗಷ್ಟೇ ಗದ್ದೆಯಲ್ಲಿ ಸಸಿ ನಟ್ಟಿ ಮುಗಿಸಿ ಕೆಸರುಗಾಲಲ್ಲೇ ಬಾಗಿಲಲ್ಲಿ ನಿಂತಿದ್ದಳು.

"ಹಾಕಿದ್ದೇ ಹೆಚ್ಚಾಯ್ತೇನ. ಗೊಬ್ರ ಹೆಚ್ಚಾದ್ರೆ ಭತ್ತ ಮಲಗೂದಿಲ್ವಾ? ತೆಗ್ದ್ ನೋಡ್ರಾ."

"ಸಾಲೂದಿಲ್ಲ ಅಂತಿದ್ದು. ತೆಗ್ಯೂದ್ ಹೆಂಗೆ?"

ಇದ್ದುದನ್ನು ಕಡಿಮೆ ಮಾಡುವುದು ಅವನ ಜಾಯಮಾನದಲ್ಲೇ ಇಲ್ಲ. ಬೇರೆ ದಾರಿಯೂ ಇರಲಿಲ್ಲ. ಒಂದೊಂದೇ ಕಿತ್ತ. ಒಂದೇ ತುಂಡು ಉಳಿದಾಗ ವಿಂಡೋಸ್ ಎದ್ದಿತು. ಮೆಮೊರಿ ಅತಿಯಾದರೆ ಆ ಹಳೇ ವಿಂಡೋಸ್ ಲೆಕ್ಕ ತಪ್ಪಿ, ಸಾಲದು ಎಂದೇ ಹೇಳುತ್ತದಂತೆ.

ಮಾಬ್ಲೇಶ್ವರನ ಅಕ್ಷರಗಳು ಮೂವತ್ತಕ್ಕೇ ಹೋದವು. ಆದರೆ ಹುಲಿಯಾ ಕಂಪ್ಯೂಟರನ್ನು ಆರಿಸಲಿಲ್ಲ. ಆರಿಸಿದರೆ ಮತ್ತೆ ಹತ್ತದಿದ್ದರೆ? ಐದು ದಿನ ಅದರ ಮುಂದೆಯೇ ಉಂಡ, ಅದರ ಮುಂದೆಯೇ ಮಲಗಿದ.

ಆರನೇ ದಿನ ಬೊಮ್ಮು ಬಂದು ಪಕ್ಕದಲ್ಲಿ ಕೂತಳು.

"ನಾ ಆರಿಸ್ತೆ. ಹತ್ತದೇ ಇದ್ರೆ ಇಬ್ರೂ ಕಲ್ಲ ಹೊರೂಕೆ ಹೋಗ್ವಾ."

ಅವಳಿಗೆ ಯಾವುದರ ಹೆದರಿಕೆಯೂ ಇಲ್ಲವೆಂದೇ ಅವನು ಇಷ್ಟು ವರ್ಷ ನಂಬಿದ್ದ. ಈಗ ಅವಳು ಗುಂಡಿಯ ಮೇಲೆ ಬೆರಳಿಟ್ಟಳು, ತೆಗೆದಳು, ಮತ್ತೆ ಇಟ್ಟಳು, ಒತ್ತಲಾಗಲಿಲ್ಲ. ಹುಲಿಯಾ ಆ ಕೈಯ ಮೇಲೆ ತನ್ನ ಕೈಯಿಟ್ಟು ಗುಂಡಿ ಒತ್ತಿದ.