ಬೇವಿಗೆ ಕಟ್ಟಿದ ಬಳ್ಳಿ

...ಅಥವಾ ಅಕ್ಕನ ಎಡಗೈ ಹೆಬ್ಬೆರಳಾಗಿತ್ತೆ? ಬಲಗೈಯದೇ ಇರಬೇಕು. ಇಲ್ಲದಿದ್ದರೆ ಹೊಲಿಗೆ ನಿಂತೇಹೋಯಿತೆಂದು ಅಕ್ಕ ಅಷ್ಟು ಕಂಗೆಡುತ್ತಿರಲಿಲ್ಲ. ನನ್ನ ನೆನಪು ಆ ಬೆರಳನ್ನು ಇಷ್ಟಬಂದ ಕೈಗೆ ಅಂಟಿಸುತ್ತದೆ. ಬಾವು ಮಾತ್ರ ನಿಜ. ಉಗುರುಸುತ್ತಾಗಿ ಶುರುವಾದದ್ದು ಒಡೆದು, ಮಾಯ್ದು, ಮತ್ತೆ ಕೀವು ತುಂಬಿ ಮಳೆಗಾಲವೆಲ್ಲ ಕಾಡಿತು. ಹೀಗೇ ಆದರೆ ಬೆರಳಿನ ತುದಿ ತೆಗೆಯಬೇಕಾದೀತೆಂದು ಡಾಕ್ಟರು ಹೇಳಿದ್ದರು.

ಅರವತ್ತರ ದಶಕದ ಮೊದಲ ವರ್ಷಗಳು. ದಾಂಡೇಲಿಯ ಒಂದು ದವಾಖಾನೆಯಲ್ಲಿ ರಕ್ತ ಪರೀಕ್ಷಿಸುವುದು ನನ್ನ ಕೆಲಸ. ರಜೆಯ ದಿನ ಕುಂಬಾರವಾಡಕ್ಕೆ ಹೋಗಿ ಒಂದು ಕಟ್ಟು ಅಮೃತಬಳ್ಳಿ ತಂದೆ. ಹಳಿಯಾಳದ ಕಡೆಯಿಂದ ಬಂದ ಅವ್ವ ಅದನ್ನು ಮುಟ್ಟುವ ಮೊದಲೇ ಕೇಳಿದಳು.

"ಯಾವ ಗಿಡಕ್ಕ ಹಬ್ಬಿದ್ದೋ ಇದು?"

"ಮಾವಿಗೆ."

"ಬೇವಿಂದಾದ್ರ ಔಷಧ. ಇದು ಬರೇ ಹಗ್ಗ."

ಎಸೆಯಲಿಲ್ಲ. ಬೇವಿನ ಗುಣ ಹತ್ತಲಿ ಎಂದು ಹಿತ್ತಲಿನ ಬೇವಿನ ಮರಕ್ಕೆ ಹಳೇ ಸೀರೆಯ ಅಂಚಿನಿಂದ ಕಟ್ಟಿದಳು. ಅಕ್ಕ ಬಾವಿನ ಬೆರಳನ್ನು ಎತ್ತಿ ಹಿಡಿದುಕೊಂಡೇ ಹೇಳಿದಳು: "ಅವ್ವ ಮಗ ಕೂಡಿ ಬಳ್ಳಿ ಬೆಳಸ್ರಿ. ಅಲ್ಲೀತನಕ ನಾ ಈ ಬಟ್ಟ ಕಾಯ್ಕೋತ ಕುಂದರ್ತೇನಿ."

ನನಗೆ ಕಾಯಲಾಗಲಿಲ್ಲ. ಒಂದು ತುಂಡು ಕದ್ದು ದವಾಖಾನೆಗೆ ಒಯ್ದು ಕುದಿಸಿ ಸೋಸಿದೆ. ಅಕ್ಕನ ರಕ್ತಕ್ಕೆ ಅವಳದೇ ಕೀವಿನ ರೋಗಾಣು ಬೆರೆಸಿ ಎರಡು ಪಾಲು ಮಾಡಿ, ಒಂದಕ್ಕೆ ಬಳ್ಳಿಯ ನೀರು ಹನಿಸಿದೆ. ಸ್ವಲ್ಪ ಹೊತ್ತು ಬಿಟ್ಟು, ಎರಡನ್ನೂ ಗಾಜಿನ ಮೇಲೆ ಸವರಿ ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ನೋಡಿದೆ. ಬಳ್ಳಿಯ ನೀರು ಹಾಕದ ಪಾಲಿನಲ್ಲಿ ಬಿಳಿಯ ರಕ್ತಕಣಗಳ ಹೊಟ್ಟೆ ಹೆಚ್ಚುಕಡಿಮೆ ಖಾಲಿ. ಬಳ್ಳಿಯ ನೀರು ಬಿದ್ದಲ್ಲಿ ಅವು ರೋಗಾಣುಗಳನ್ನು ನುಂಗಿ, ಶೇಂಗಾ ತುಂಬಿಕೊಂಡ ಕಿಸೆಯಂತೆ ಉಬ್ಬಿದ್ದವು. ಡಾಕ್ಟರು ಬಹಳ ಹೊತ್ತು ನೋಡಿದರು. ಗಾಜು ಬೇರೆ, ಮೈ ಬೇರೆ ಎಂದರು. ಈಗ ಕೊಡುತ್ತಿರುವ ಸೂಜಿಮದ್ದು ಬಿಡಕೂಡದು, ಅದರ ಜೊತೆ ಕಷಾಯವನ್ನೂ ಕೊಡಿ ಎಂದರು.

ಶೇಂಗಾ ಕಿಸೆಯ ಕತೆಯನ್ನು ಅಕ್ಕನಿಗೆ ಹೇಳಲು ಮನೆಗೆ ಬಂದರೆ ಬೇವಿನ ಮೇಲೆ ಬಳ್ಳಿ ಚಿಗುರಿತ್ತು. "ನೋಡು, ಬೇವು ಇದನ್ನ ತನ್ನದ ಮಾಡ್ಕೊಂತು," ಎಂದು ಅವ್ವ ಒಲೆ ಹಚ್ಚಿದಳು. ಗೋಡೆಯ ಮೊಳೆಗೆ ತೂಗುಹಾಕಿದರೂ ಆ ಬಳ್ಳಿ ಚಿಗುರುತ್ತದೆ ಎಂಬುದು ನನಗೆ ತಿಳಿದದ್ದು ಆಮೇಲೆ. ಅವ್ವನಿಗೆ ಕೊನೆಯವರೆಗೂ ಹೇಳಲಿಲ್ಲ.

ಬಾವು ಇಳಿಯಿತು. ಡಾಕ್ಟರು ಬೆರಳನ್ನು ಒತ್ತಿ ಒತ್ತಿ ನೋಡಿ, ಕತ್ತರಿಸುವ ಮಾತು ಇನ್ನಿಲ್ಲ ಎಂದರು. ಅಕ್ಕ ಸೀದಾ ಹೋಗಿ ಹೊಲಿಗೆ ಯಂತ್ರದ ಮುಂದೆ ಕುಳಿತು, ಆ ಹೆಬ್ಬೆರಳಿನಿಂದಲೇ ದಾರ ಪೋಣಿಸಿ, ಮೊಟ್ಟಮೊದಲು ನನ್ನ ಅಂಗಿಯ ಹರಿದ ಕಿಸೆ ಹೊಲಿದು ನನ್ನ ಮುಖಕ್ಕೆ ಎಸೆದಳು.

"ತಗೋ. ಶೇಂಗಾ ತುಂಬ್ಕೋ."

ಆಮೇಲೆ ಕಾಗದದ ಗಿರಣಿಯ ಭೋಂಗಾ ಕೂಗುವವರೆಗೂ ಯಂತ್ರ ನಿಲ್ಲಲಿಲ್ಲ. ಅವ್ವ ಓಣಿಯವರಿಗೆಲ್ಲ ಕಷಾಯ ಕುಡಿಸಿದಳು. ಮುಖ ಕಿವಿಚಿಕೊಂಡು ಎಲ್ಲರೂ ಕುಡಿದರು.

ಬಳ್ಳಿಯ ನೀರು ಹನಿಸಿದ ಪಾಲನ್ನು ನಾನು ದೀಪದ ಹತ್ತಿರ ಇಟ್ಟಿದ್ದೆನೇ? ಬಿಸಿ ತಗುಲಿದರೂ ಆ ಕಣಗಳು ಚುರುಕಾಗುತ್ತವೆ. ಸೂಜಿಮದ್ದೂ ನಡೆದೇ ಇತ್ತು. ಬೆರಳು ಉಳಿಯಿತು. ಯಾವುದರಿಂದ ಉಳಿಯಿತೋ ನನಗೆ ಗೊತ್ತಿಲ್ಲ.